ಪೆಲೆ ಹೋದರು, ಜನ ಹೆಚ್ಚಾದರು: ನ್ಯೂಯಾರ್ಕ್ ಕಾಸ್ಮೋಸ್ ಮುಚ್ಚಿದ್ದೇಕೆ?

ಪ್ರಶ್ನೆ: 1977ರಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್ ವಿರುದ್ಧ ಬ್ರೆಜಿಲ್‌ನ ಫುಟ್‌ಬಾಲ್ ತಾರೆ ಪೆಲೆ ಆಡಿದ ಪಂದ್ಯದ ಬಗ್ಗೆ ನಮ್ಮ ತಂದೆಯವರು ಇಂದಿಗೂ ಮಾತನಾಡುತ್ತಾರೆ. ಆಗ ಪೆಲೆ ಇದ್ದ ನ್ಯೂಯಾರ್ಕ್ ಕಾಸ್ಮೋಸ್ ತಂಡದ ಆಟಕ್ಕೆ ಎಪ್ಪತ್ತು ಸಾವಿರ ಜನ ಸೇರುತ್ತಿದ್ದರೆಂದು ಓದಿದ್ದೇನೆ. ಅಂಥ ತಂಡ ಎಂಟೇ ವರ್ಷಗಳಲ್ಲಿ ಹೇಗೆ ಇಲ್ಲವಾಯಿತು? ಪೆಲೆ ನಿವೃತ್ತರಾದದ್ದೇ ಕಾರಣವೇ? ಈಗಲೂ ಕಾಸ್ಮೋಸ್ ಎಂಬ ಹೆಸರು ಅಲ್ಲಲ್ಲಿ ಕಾಣುತ್ತದಲ್ಲ, ಅದು ಅದೇ ತಂಡವೇ?

ಉತ್ತರ: ಪೆಲೆಯವರ ನಿವೃತ್ತಿ ಕಾರಣವೆಂಬ ಮಾತು ಬಹಳ ಕಡೆ ಕೇಳಿಬರುತ್ತದೆ, ಆದರೆ ಲೆಕ್ಕ ಅದನ್ನು ಒಪ್ಪುವುದಿಲ್ಲ. ಅವರು ಆಟಕ್ಕೆ ವಿದಾಯ ಹೇಳಿದ್ದು 1977ರ ಅಕ್ಟೋಬರ್ 1ರಂದು. ಅವರಿಲ್ಲದ ಮರುವರ್ಷ, ಅಂದರೆ 1978ರಲ್ಲಿ, ಕಾಸ್ಮೋಸ್‌ನ ತವರಿನ ಪಂದ್ಯಗಳಿಗೆ ಸರಾಸರಿ 47 ಸಾವಿರಕ್ಕೂ ಹೆಚ್ಚು ಜನ ಬಂದರು. ಪೆಲೆ ಆಡಿದ ಮೂರು ವರ್ಷಗಳಲ್ಲಿ ಯಾವ ವರ್ಷವೂ ಅಷ್ಟು ಜನ ಬಂದಿರಲಿಲ್ಲ. ಅವರು ಹೋದ ಮೇಲೆ ತಂಡ ಮೂರು ಬಾರಿ ಲೀಗ್ ಪ್ರಶಸ್ತಿಯನ್ನೂ ಗೆದ್ದಿತು. ಹೀಗಾಗಿ ಕಾಸ್ಮೋಸ್‌ನ ಅಂತ್ಯದ ಕಾರಣಗಳನ್ನು ಮೈದಾನದಲ್ಲಿ ಹುಡುಕುವುದಕ್ಕಿಂತ ಅದರ ಖರ್ಚನ್ನು ಹೊರುತ್ತಿದ್ದ ಕಂಪನಿಯ ಜಮಾಖರ್ಚಿನಲ್ಲಿ ಹುಡುಕುವುದು ಸರಿ. ಅದು ತನ್ನ ಆದಾಯದಿಂದ ತಾನು ಬದುಕಿದ ಕ್ಲಬ್ ಆಗಿರಲೇ ಇಲ್ಲ. ಒಂದು ದೊಡ್ಡ ಮನರಂಜನಾ ಕಂಪನಿಯ ಮುಖ್ಯಸ್ಥರ ಉತ್ಸಾಹದಿಂದ ಬೆಳೆದು, ಆ ಕಂಪನಿಗೆ ಕಷ್ಟ ಬಂದ ಕೂಡಲೇ ಕೈಬಿಡಲ್ಪಟ್ಟ ತಂಡ ಅದು.

ಹಿನ್ನೆಲೆಯಿಂದ ಆರಂಭಿಸುತ್ತೇನೆ. 1967ರಲ್ಲಿ ಅಮೆರಿಕದಲ್ಲಿ ಒಂದಲ್ಲ, ಎರಡು ವೃತ್ತಿಪರ ಸಾಕರ್ (ನಮ್ಮ ಫುಟ್‌ಬಾಲ್‌ಗೆ ಅಲ್ಲಿನ ಹೆಸರು) ಲೀಗ್‌ಗಳು ಪರಸ್ಪರ ಪೈಪೋಟಿಯಿಂದ ಹುಟ್ಟಿಕೊಂಡವು. ಎರಡೂ ನಷ್ಟದಲ್ಲಿ ಮುಳುಗಿ, 1968ರಲ್ಲಿ ಒಂದಾಗಿ 17 ತಂಡಗಳ ನಾರ್ತ್ ಅಮೆರಿಕನ್ ಸಾಕರ್ ಲೀಗ್ ಆಯಿತು. ಅದರ ಮರುವರ್ಷ ಉಳಿದದ್ದು ಐದೇ ತಂಡಗಳು. ವೇಲ್ಸ್‌ನ ಮಾಜಿ ಆಟಗಾರ ಫಿಲ್ ವೂಸ್‌ನಮ್, ಡಲ್ಲಾಸ್ ತಂಡದ ಮಾಲೀಕ ಲಾಮಾರ್ ಹಂಟ್, ಇಂಗ್ಲೆಂಡಿನಿಂದ ಬಂದ ಕ್ರೀಡಾ ಪತ್ರಕರ್ತ ಕ್ಲೈವ್ ಟಾಯ್ ಇಂಥ ಕೆಲವರ ಹಠವೊಂದೇ ಆ ಲೀಗನ್ನು ಉಳಿಸಿತು ಎನ್ನಬಹುದು. ನ್ಯೂಯಾರ್ಕ್‌ನಲ್ಲಿ ಒಂದು ತಂಡವಿಲ್ಲದೆ ಇಡೀ ದೇಶದ ಗಮನ ಸೆಳೆಯುವುದು ಸಾಧ್ಯವಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಆ ತಂಡಕ್ಕೆ ಹಣ ಹಾಕಿದವರು ಅಹ್ಮತ್ ಎರ್ತೆಗುನ್ ಮತ್ತು ನೆಸುಹಿ ಎರ್ತೆಗುನ್ ಎಂಬ ಸಹೋದರರು. ಇವರು ಅಮೆರಿಕದಲ್ಲಿ ಟರ್ಕಿಯ ರಾಯಭಾರಿಯಾಗಿದ್ದವರ ಮಕ್ಕಳು, ಅಟ್ಲಾಂಟಿಕ್ ರೆಕಾರ್ಡ್ಸ್ ಎಂಬ ಹೆಸರಾಂತ ಸಂಗೀತ ಕಂಪನಿಯನ್ನು ನಡೆಸಿದವರು, ಕಾಲ್ಚೆಂಡಿನ ನಿಜವಾದ ಅಭಿಮಾನಿಗಳು. ಅವರ ಕಂಪನಿಯನ್ನು ಅಷ್ಟರಲ್ಲಿ ಕೊಂಡಿದ್ದ ಸ್ಟೀವ್ ರಾಸ್ ಅವರಿಗಾದರೋ ಈ ಆಟದ ಗಂಧಗಾಳಿಯೂ ಇರಲಿಲ್ಲ. ಶವಸಂಸ್ಕಾರದ ವ್ಯವಹಾರ ಮತ್ತು ಕಾರು ನಿಲುಗಡೆಯ ಜಾಗಗಳಿಂದ ಮೇಲೆ ಬಂದು ವಾರ್ನರ್ ಕಮ್ಯುನಿಕೇಷನ್ಸ್ ಕಟ್ಟಿದ ಈ ಉದ್ಯಮಿ ಮುಂದೆ ಕಾಸ್ಮೋಸ್‌ನ ಎಲ್ಲರಿಗಿಂತ ದೊಡ್ಡ ಅಭಿಮಾನಿಯಾದದ್ದು ವಿಚಿತ್ರವೆನಿಸಿದರೂ ನಿಜ. ಟಾಯ್ ತಂಡದ ವ್ಯವಸ್ಥಾಪಕರಾದರು, ಇಂಗ್ಲೆಂಡಿನ ಗಾರ್ಡನ್ ಬ್ರಾಡ್ಲಿ ಕೋಚ್ ಆದರು.

1971ರ ಮೊದಲ ಋತುವಿನಲ್ಲಿ ಬೇಸ್‌ಬಾಲ್‌ಗೆಂದು ಕಟ್ಟಿದ ಯಾಂಕೀ ಕ್ರೀಡಾಂಗಣದಲ್ಲಿ ಆಡಿದ ತಂಡಕ್ಕೆ ಸರಾಸರಿ ನಾಲ್ಕೂವರೆ ಸಾವಿರ ಪ್ರೇಕ್ಷಕರು ಸಿಕ್ಕರು. ಮುಂದಿನ ಎರಡು ವರ್ಷ ಲಾಂಗ್ ಐಲೆಂಡ್‌ನ ಹಾಫ್‌ಸ್ಟ್ರಾ ವಿಶ್ವವಿದ್ಯಾಲಯದ ಮೈದಾನ. ಅಲ್ಲಿ, 1972ರಲ್ಲಿ, ಬರ್ಮುಡಾದ ಎತ್ತರದ ಮುಂಚೂಣಿ ಆಟಗಾರ ರ‍್ಯಾಂಡಿ ಹಾರ್ಟನ್ ಅವರ ಬಲದಿಂದ ಸೇಂಟ್ ಲೂಯಿಸ್ ಸ್ಟಾರ್ಸ್ ತಂಡವನ್ನು 2-1ರಿಂದ ಸೋಲಿಸಿ ಕಾಸ್ಮೋಸ್ ಮೊದಲ ಪ್ರಶಸ್ತಿ ಗೆದ್ದಾಗ ನೋಡಲು ಬಂದವರು ಸುಮಾರು ಆರು ಸಾವಿರ ಮಂದಿ. 1974ರಲ್ಲಿ ತಂಡ ರ‍್ಯಾಂಡಲ್ಸ್ ದ್ವೀಪದ ಡೌನಿಂಗ್ ಕ್ರೀಡಾಂಗಣಕ್ಕೆ ಹೋಯಿತು. ಅಲ್ಲಿ ಹುಲ್ಲಿಗಿಂತ ಮಣ್ಣೇ ಹೆಚ್ಚು, ಪ್ರೇಕ್ಷಕರ ಸರಾಸರಿಯೂ ನಾಲ್ಕು ಸಾವಿರ ಮುಟ್ಟಲಿಲ್ಲ. ಪೆಲೆ ಬರುವ ಮುಂಚಿನ ಈ ಸ್ಥಿತಿಯನ್ನು ಮರೆತರೆ ಮುಂದಿನದು ಅರ್ಥವಾಗುವುದಿಲ್ಲ.

ಟಾಯ್ ಅವರು 1971ರಿಂದಲೇ ಪೆಲೆಯವರ ಬೆನ್ನು ಬಿದ್ದಿದ್ದರು. ಯುರೋಪಿನ ಕ್ಲಬ್ಬಿಗೆ ಹೋದರೆ ಇನ್ನೊಂದು ಪ್ರಶಸ್ತಿ ಗೆಲ್ಲಬಹುದಷ್ಟೇ, ಇಲ್ಲಿಗೆ ಬಂದರೆ ಇಡೀ ಒಂದು ದೇಶವನ್ನೇ ಗೆಲ್ಲಬಹುದು ಎಂಬುದು ಅವರು ಮುಂದಿಟ್ಟ ವಾದ. 1974ರಲ್ಲಿ ಸಾಂಟೋಸ್ ತಂಡದಿಂದ ನಿವೃತ್ತರಾದ ಪೆಲೆಯವರಿಗೆ ವ್ಯಾಪಾರದಲ್ಲಿ ಕೈಸುಟ್ಟುಕೊಂಡಿದ್ದರಿಂದ ಹಣದ ಅಗತ್ಯವೂ ಇತ್ತು. ಅಮೆರಿಕದ ಆಗಿನ ವಿದೇಶಾಂಗ ಕಾರ್ಯದರ್ಶಿ ಹೆನ್ರಿ ಕಿಸಿಂಜರ್ ಕೂಡ ಬ್ರೆಜಿಲ್ ಸರ್ಕಾರದ ಕಡೆಯವರ ಮನವೊಲಿಸಲು ನೆರವಾದರು. 1975ರ ಜೂನ್ 10ರಂದು ನ್ಯೂಯಾರ್ಕ್‌ನ ಟ್ವೆಂಟಿ ಒನ್ ಕ್ಲಬ್ಬಿನಲ್ಲಿ ಸಹಿ ಬಿದ್ದಿತು. ಒಪ್ಪಂದದ ಮೊತ್ತವನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ, 28 ಲಕ್ಷ ಡಾಲರಿನಿಂದ 70 ಲಕ್ಷ ಡಾಲರಿನವರೆಗೆ. ಅದಕ್ಕೆ ಒಂದು ಕಾರಣ, ಅದು ಒಂದೇ ಒಪ್ಪಂದವಾಗಿರದೆ ಆಟ, ಜಾಹೀರಾತು, ಹೆಸರಿನ ಬಳಕೆ ಎಂದು ವಾರ್ನರ್ ಸಮೂಹದೊಂದಿಗೆ ಮಾಡಿಕೊಂಡ ಹಲವು ಒಪ್ಪಂದಗಳ ಕಟ್ಟಾಗಿತ್ತು. ಅಂದರೆ ಮೊದಲ ದಿನದಿಂದಲೇ ಆಟಗಾರನ ಸಂಬಳ ಟಿಕೆಟ್ ಹಣದಿಂದ ಬರುವಂಥದ್ದಾಗಿರಲಿಲ್ಲ.

ಐದು ದಿನಗಳ ನಂತರ, ಜೂನ್ 15ರಂದು, ಡೌನಿಂಗ್ ಕ್ರೀಡಾಂಗಣದಲ್ಲಿ ಡಲ್ಲಾಸ್ ಟೊರ್ನಾಡೊ ವಿರುದ್ಧ ಪೆಲೆಯವರ ಮೊದಲ ಪಂದ್ಯ. ಸಿಬಿಎಸ್ ವಾಹಿನಿ ನೇರ ಪ್ರಸಾರ ಮಾಡುವುದಿತ್ತು, ಮೈದಾನವೋ ಬರಿ ಬೋಳು ನೆಲ. ಟೆಲಿವಿಷನ್‌ನಲ್ಲಿ ಹಸಿರಾಗಿ ಕಾಣಲೆಂದು ಆ ಮಣ್ಣಿಗೆ ಹಸಿರು ಬಣ್ಣ ಹೊಡೆಸಿದರು. ಪಂದ್ಯ 2-2ರಲ್ಲಿ ಮುಗಿಯಿತು, ಪೆಲೆ ತಲೆಯಿಂದ ಒಂದು ಗೋಲು ಹೊಡೆದರು. ಆದರೆ ಡ್ರೆಸ್ಸಿಂಗ್ ಕೋಣೆಗೆ ಬಂದು ಕಾಲ್ಚೀಲ ತೆಗೆದಾಗ ಕಾಲಿಗೆಲ್ಲ ಹಸಿರು ಅಂಟಿಕೊಂಡಿದ್ದನ್ನು ಕಂಡು, ಇಲ್ಲಿನ ನೆಲದಿಂದ ಏನೋ ಬೂಸು ರೋಗ ತಗುಲಿತೆಂದು ಗಾಬರಿಯಾಗಿ ಇನ್ನು ಆಡುವುದೇ ಇಲ್ಲ ಎಂದರಂತೆ. ಅದು ಬಣ್ಣವೆಂದು ವಿವರಿಸಿ ಸಮಾಧಾನ ಮಾಡಬೇಕಾಯಿತು.

1976ರಲ್ಲಿ ಬಂದ ಜಾರ್ಜಿಯೊ ಕಿನಾಲ್ಯಾ ಅವರ ಹೆಸರು ಭಾರತದಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಕಾಸ್ಮೋಸ್‌ನ ಕಥೆ ಪೆಲೆಯವರಿಗಿಂತ ಹೆಚ್ಚಾಗಿ ಇವರದೇ. ಇಟಲಿಯಲ್ಲಿ ಹುಟ್ಟಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ ಬೆಳೆದ ಇವರು 1974ರಲ್ಲಿ ಲಾಜಿಯೊ ತಂಡಕ್ಕೆ ಇಟಲಿಯ ಪ್ರಶಸ್ತಿ ತಂದುಕೊಟ್ಟ ಗೋಲುಗಾರ. ಅಮೆರಿಕದ ಲೀಗ್‌ನಲ್ಲಿ 213 ಪಂದ್ಯಗಳಲ್ಲಿ 193 ಗೋಲು ಹೊಡೆದು ಆ ಲೀಗ್‌ನ ಸಾರ್ವಕಾಲಿಕ ದಾಖಲೆ ಅವರ ಹೆಸರಿನಲ್ಲೇ ಉಳಿದಿದೆ. 1980ರ ಪ್ಲೇಆಫ್‌ನಲ್ಲಿ ಟಲ್ಸಾ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ ಏಳು ಗೋಲು. ಆಟ ಎಷ್ಟು ತೀಕ್ಷ್ಣವೋ ನಾಲಿಗೆಯೂ ಅಷ್ಟೇ ತೀಕ್ಷ್ಣ. ಪೆಲೆಯವರನ್ನೇ ಎದುರು ಹಾಕಿಕೊಂಡ ಇವರು ಸ್ಟೀವ್ ರಾಸ್ ಅವರ ಆಪ್ತರಾದರು, ಕೋಚ್ ಯಾರಿರಬೇಕು, ಯಾರನ್ನು ಕೊಳ್ಳಬೇಕು ಎಂಬುದರಲ್ಲೂ ಇವರ ಮಾತು ನಡೆಯತೊಡಗಿತು. ಆಟಗಾರನೊಬ್ಬ ಮಾಲೀಕನ ಕಿವಿಯ ಪಕ್ಕದಲ್ಲೇ ಇರುವ ತಂಡವನ್ನು ಯಾವ ಕೋಚ್ ತಾನೇ ನಡೆಸಬಲ್ಲರು? 1977ರ ಋತುವಿನ ನಡುವೆ ಬ್ರಾಡ್ಲಿ ಜಾಗಕ್ಕೆ ಎಡ್ಡಿ ಫಿರ್ಮಾನಿ ಬಂದರು, ಆ ಮೇಲೂ ಕೋಚ್‌ಗಳು ಬದಲಾಗುತ್ತಲೇ ಇದ್ದರು.

ನಿಮ್ಮ ತಂದೆಯವರು ಹೇಳುವ 1977 ತಂಡದ ಉತ್ತುಂಗದ ವರ್ಷ. ನ್ಯೂಜೆರ್ಸಿಯಲ್ಲಿ ಹೊಸದಾಗಿ ಕಟ್ಟಿದ ಜೈಂಟ್ಸ್ ಕ್ರೀಡಾಂಗಣ ತವರಾಯಿತು. ಪಶ್ಚಿಮ ಜರ್ಮನಿಗೆ 1974ರ ವಿಶ್ವಕಪ್ ಗೆದ್ದುಕೊಟ್ಟ ನಾಯಕ ಫ್ರಾಂಜ್ ಬೆಕೆನ್‌ಬವರ್ ಬಂದರು, 1970ರಲ್ಲಿ ವಿಶ್ವಕಪ್ ಎತ್ತಿದ ಬ್ರೆಜಿಲ್ ನಾಯಕ ಕಾರ್ಲೋಸ್ ಆಲ್ಬರ್ಟೊ ಬಂದರು. ಆಗಸ್ಟ್ 14ರಂದು ಫೋರ್ಟ್ ಲಾಡರ್‌ಡೇಲ್ ಸ್ಟ್ರೈಕರ್ಸ್ ವಿರುದ್ಧದ ಪ್ಲೇಆಫ್ ಪಂದ್ಯಕ್ಕೆ 77,691 ಜನ ಸೇರಿದರು, ಕಾಸ್ಮೋಸ್ 8-3ರಿಂದ ಗೆದ್ದಿತು. ಅದೇ ತಿಂಗಳ 28ರಂದು ಪೋರ್ಟ್‌ಲೆಂಡ್‌ನಲ್ಲಿ ನಡೆದ ಫೈನಲ್‌ನಲ್ಲಿ ಸಿಯಾಟಲ್ ಸೌಂಡರ್ಸ್ ಎದುರಾಳಿ. ಮೊದಲ ಗೋಲು ಕಿಡಿಗೇಡಿತನದ್ದು: ಸಿಯಾಟಲ್‌ನ ಗೋಲ್‌ಕೀಪರ್ ಚೆಂಡನ್ನು ಹಿಡಿದು, ಹಿಂದೆ ಯಾರೂ ಇಲ್ಲವೆಂದು ಭಾವಿಸಿ ನೆಲಕ್ಕೆ ಉರುಳಿಸಿದರು, ಬೆನ್ನ ಹಿಂದೆಯೇ ಇದ್ದ ಕಾಸ್ಮೋಸ್‌ನ ಸ್ಟೀವ್ ಹಂಟ್ ಅದನ್ನು ಕಸಿದು ಗೋಲಿನೊಳಗೆ ತಳ್ಳಿದರು. ಸಿಯಾಟಲ್ ಸಮ ಮಾಡಿಕೊಂಡರೂ ಕಿನಾಲ್ಯಾ ಅವರ ಗೋಲಿನಿಂದ ಕಾಸ್ಮೋಸ್ 2-1ರಿಂದ ಗೆದ್ದಿತು.

ಅದಾದ ಮೇಲೆ ಜಪಾನ್, ಚೀನಾ, ಭಾರತಗಳ ಪ್ರವಾಸ. ಸೆಪ್ಟೆಂಬರ್ 24ರಂದು ಮಳೆಯಿಂದ ನೆನೆದಿದ್ದ ಈಡನ್ ಗಾರ್ಡನ್ಸ್‌ನಲ್ಲಿ ಪೆಲೆ ಆಡುತ್ತಾರೋ ಇಲ್ಲವೋ ಎಂಬ ಅನುಮಾನವಿತ್ತು, ಕೊನೆಗೆ ಆಡಿದರು. ಪಿ.ಕೆ. ಬ್ಯಾನರ್ಜಿ ತರಬೇತಿಯ ಮೋಹನ್ ಬಾಗಾನ್ ಶ್ಯಾಮ್ ಥಾಪಾ ಮತ್ತು ಹೈದರಾಬಾದಿನ ಮೊಹಮ್ಮದ್ ಹಬೀಬ್ ಅವರ ಗೋಲುಗಳಿಂದ ಮುನ್ನಡೆಯನ್ನೂ ಪಡೆದಿತ್ತು. ಕಾಸ್ಮೋಸ್‌ಗೆ ಪಂದ್ಯವನ್ನು 2-2ರಲ್ಲಿ ಉಳಿಸಿಕೊಟ್ಟದ್ದು ಒಂದು ಪೆನಾಲ್ಟಿ. ಪ್ರದರ್ಶನ ಪಂದ್ಯವೇ ಆಗಿರಬಹುದು, ಆದರೂ ಆ ದಿನದ ಮೋಹನ್ ಬಾಗಾನ್ ಆಟವನ್ನು ಹೊಗಳುವುದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. ಅಲ್ಲಿಂದ ಒಂದು ವಾರಕ್ಕೆ ಜೈಂಟ್ಸ್ ಕ್ರೀಡಾಂಗಣದಲ್ಲಿ ಪೆಲೆಯವರ ಬೀಳ್ಕೊಡುಗೆ. ಕಾಸ್ಮೋಸ್ ಪರ ಅರ್ಧ, ತಮ್ಮ ಹಳೆಯ ಸಾಂಟೋಸ್ ಪರ ಇನ್ನರ್ಧ ಆಡಿದ ಅವರು ಮೊದಲರ್ಧದಲ್ಲಿ ಫ್ರೀ ಕಿಕ್‌ನಿಂದ ವೃತ್ತಿಜೀವನದ ಕೊನೆಯ ಗೋಲು ಹೊಡೆದರು.

ಈಗ ಪ್ರಶ್ನೆಯ ತಿರುಳಿಗೆ ಬರೋಣ. 1978ರಲ್ಲಿ ಕಾಸ್ಮೋಸ್ ಟ್ಯಾಂಪಾ ಬೇ ರೌಡೀಸ್ ತಂಡವನ್ನು 3-1ರಿಂದ ಸೋಲಿಸಿ ಮತ್ತೆ ಪ್ರಶಸ್ತಿ ಗೆದ್ದಾಗ ತವರಿನ ಫೈನಲ್ ನೋಡಲು 74,901 ಜನರಿದ್ದರು. 1977ರಿಂದ ಬೆಳೆದ ಇಂಥ ಯಶಸ್ಸೇ ಲೀಗ್‌ನ ತಲೆ ಕೆಡಿಸಿತು. 1978ರ ಋತುವಿಗೇ ಒಂದೇ ಏಟಿಗೆ ತಂಡಗಳ ಸಂಖ್ಯೆ 18ರಿಂದ 24ಕ್ಕೆ ಏರಿತ್ತು. ಹಣವಿದ್ದು ಆಟದ ತಿಳಿವಳಿಕೆ ಇಲ್ಲದ ಮಾಲೀಕರು ನುಗ್ಗಿ ಬಂದರು. ಲಾಸ್ ಏಂಜಲೀಸ್ ಮತ್ತು ವಾಷಿಂಗ್ಟನ್ ತಂಡಗಳು ಒಂದರ ನಂತರ ಒಂದು ನೆದರ್ಲೆಂಡ್ಸ್‌ನ ತಾರೆ ಯೋಹಾನ್ ಕ್ರೈಫ್ ಅವರನ್ನು, ಫೋರ್ಟ್ ಲಾಡರ್‌ಡೇಲ್ ಪಶ್ಚಿಮ ಜರ್ಮನಿಯ ಗೋಲುಗಾರ ಗೆರ್ಡ್ ಮ್ಯೂಲರ್ ಅವರನ್ನು ಕರೆಸಿಕೊಂಡವು. ಊರ ಸಾಹುಕಾರ ಮಗಳ ಮದುವೆ ಅದ್ದೂರಿಯಾಗಿ ಮಾಡಿದನೆಂದು ಉಳಿದವರು ಸಾಲ ಮಾಡಿ ಚಪ್ಪರ ಹಾಕಿಸಿದ ಹಾಗಾಯಿತು. ಕಾಸ್ಮೋಸ್‌ನ ಹಿಂದೆ ವಾರ್ನರ್ ಇತ್ತು, ಮಿಕ್ಕ ಬಹುತೇಕ ತಂಡಗಳಿಗೆ ಇದ್ದದ್ದು ಹತ್ತು ಹನ್ನೆರಡು ಸಾವಿರ ಪ್ರೇಕ್ಷಕರ ಗೇಟು ಹಣ ಮಾತ್ರ. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಂಥ ಕ್ರೀಡಾ ಕಂಪನಿಯೇ ನಡೆಸುತ್ತಿದ್ದ ವಾಷಿಂಗ್ಟನ್ ಡಿಪ್ಲೊಮ್ಯಾಟ್ಸ್, ಕ್ರೈಫ್ ಆಡಿದ 1980ರ ಋತು ಮುಗಿಯುತ್ತಲೇ ನಷ್ಟ ತಾಳಲಾರದೆ ನಿಂತುಹೋಯಿತು.

ಟೆಲಿವಿಷನ್ ಒಪ್ಪಂದವೊಂದು ಗಟ್ಟಿಯಾಗಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. 1979ರಲ್ಲಿ ಎಬಿಸಿ ವಾಹಿನಿ ಪ್ರಸಾರಕ್ಕೆ ಒಪ್ಪಿಕೊಂಡಿತು, ಆದರೆ ನೋಡುಗರ ಸಂಖ್ಯೆ ನಿರೀಕ್ಷೆ ಮುಟ್ಟದೆ ಎರಡೇ ವರ್ಷಗಳಲ್ಲಿ ಹಿಂದೆ ಸರಿಯಿತು. ತುಂಬಿದ ಜೈಂಟ್ಸ್ ಕ್ರೀಡಾಂಗಣ ಪರದೆಯ ಮೇಲೆ ಚೆನ್ನಾಗಿ ಕಾಣುತ್ತಿತ್ತು. ಮುಕ್ಕಾಲು ಪಾಲು ಖಾಲಿ ಇರುವ ಬೇರೆ ಊರಿನ ಅಮೆರಿಕನ್ ಫುಟ್‌ಬಾಲ್ ಮೈದಾನ, ಕೃತಕ ಹುಲ್ಲಿನ ಮೇಲೆ ಅಡ್ಡಾದಿಡ್ಡಿ ಎಳೆದ ಬೇರೆ ಆಟದ ಗೆರೆಗಳು, ಇವು ಹಾಗೆ ಕಾಣುತ್ತಿರಲಿಲ್ಲ. ಅಮೆರಿಕನ್ನರಿಗೆ ಹಿಡಿಸಲೆಂದು ಮಾಡಿಕೊಂಡ ನಿಯಮ ಬದಲಾವಣೆಗಳೂ ಇದ್ದವು. ಪಂದ್ಯ ಸಮವಾದರೆ ಆಟಗಾರ 35 ಗಜ ದೂರದಿಂದ ಚೆಂಡಿನೊಂದಿಗೆ ಓಡಿಬಂದು ಐದು ಸೆಕೆಂಡಿನೊಳಗೆ ಗೋಲ್‌ಕೀಪರ್‌ನನ್ನು ಸೋಲಿಸಬೇಕಿತ್ತು. ಇದನ್ನು ಹಲವರು ಹಾಸ್ಯ ಮಾಡುತ್ತಾರೆ, ನನಗೆ ಮಾತ್ರ ಇದು ಸಾಮಾನ್ಯ ಪೆನಾಲ್ಟಿಗಿಂತ ನ್ಯಾಯವೆನಿಸುತ್ತದೆ. 1978ರ ಪ್ಲೇಆಫ್‌ನ ಮೊದಲ ಪಂದ್ಯದಲ್ಲಿ ಮಿನೆಸೋಟ ಕಿಕ್ಸ್ ಕೈಯಲ್ಲಿ 9-2ರಿಂದ ಹೀನಾಯವಾಗಿ ಸೋತಿದ್ದ ಕಾಸ್ಮೋಸ್, ಎರಡನೆಯ ಪಂದ್ಯವನ್ನು 4-0ರಿಂದ ಗೆದ್ದು, ಕೊನೆಗೆ ಇಂಥದೇ ಶೂಟೌಟ್‌ನಲ್ಲಿ ಬಚಾವಾಗಿತ್ತು. ಒಟ್ಟು ಗೋಲುಗಳನ್ನು ಲೆಕ್ಕಕ್ಕೆ ಹಿಡಿಯದ ನಿಯಮ ಇಲ್ಲದಿದ್ದರೆ ಆ ವರ್ಷದ ಪ್ರಶಸ್ತಿಯೇ ಇರುತ್ತಿರಲಿಲ್ಲ.

ಮೈದಾನದಲ್ಲಿ ಕಾಸ್ಮೋಸ್ ಕುಸಿಯಲಿಲ್ಲ. 1980ರಲ್ಲಿ ಫೋರ್ಟ್ ಲಾಡರ್‌ಡೇಲ್ ವಿರುದ್ಧ 3-0ರಿಂದ ಗೆಲುವು, 1981ರಲ್ಲಿ ಷಿಕಾಗೊ ಸ್ಟಿಂಗ್ ವಿರುದ್ಧ ಗೋಲಿಲ್ಲದ ಫೈನಲ್‌ನ ಶೂಟೌಟ್‌ನಲ್ಲಿ ಸೋಲು, 1982ರಲ್ಲಿ ಸಿಯಾಟಲ್ ವಿರುದ್ಧ ಕಿನಾಲ್ಯಾ ಅವರ ಒಂದೇ ಗೋಲಿನಿಂದ ಐದನೆಯ ಹಾಗೂ ಕೊನೆಯ ಪ್ರಶಸ್ತಿ. ಆದರೆ ಸುತ್ತಲಿನ ಲೀಗ್ ಕರಗುತ್ತಿತ್ತು: 1980ರಲ್ಲಿ 24 ತಂಡಗಳಿದ್ದದ್ದು 1982ಕ್ಕೆ 14, 1984ಕ್ಕೆ ಒಂಬತ್ತು. ಎದುರಾಳಿಗಳೇ ಇಲ್ಲವಾಗುತ್ತಿರುವಾಗ ಗೆಲುವು ಯಾರಿಗೆ ಬೇಕು? ತವರಿನ ಪ್ರೇಕ್ಷಕರ ಸರಾಸರಿ 1982ರಲ್ಲಿ 28 ಸಾವಿರದ ಆಸುಪಾಸಿಗೆ ಇಳಿದು, 1984ರಲ್ಲಿ 13 ಸಾವಿರವನ್ನೂ ಮುಟ್ಟಲಿಲ್ಲ.

ಕೊನೆಯ ಪೆಟ್ಟು ಬಿದ್ದದ್ದು ಸಾಕರ್‌ಗೆ ಸಂಬಂಧವೇ ಇಲ್ಲದ ಕಡೆಯಿಂದ. ವಾರ್ನರ್ 1976ರಲ್ಲಿ ಅಟಾರಿ ಎಂಬ ವಿಡಿಯೊ ಗೇಮ್ ಕಂಪನಿಯನ್ನು ಕೊಂಡಿತ್ತು, ಕೆಲವು ವರ್ಷ ಅದು ಹಣದ ಹೊಳೆಯನ್ನೇ ಹರಿಸಿತು. ಕಾಸ್ಮೋಸ್‌ನ ವಾರ್ಷಿಕ ನಷ್ಟ ಆ ಹೊಳೆಯ ಮುಂದೆ ಯಾರ ಕಣ್ಣಿಗೂ ಬೀಳುವಂಥದ್ದಾಗಿರಲಿಲ್ಲ. 1982ರ ಡಿಸೆಂಬರ್‌ನಲ್ಲಿ ಅಟಾರಿಯ ಮಾರಾಟ ಕುಸಿದ ಸುದ್ದಿ ಹೊರಬಿದ್ದು ವಾರ್ನರ್ ಷೇರು ನೆಲಕಚ್ಚಿತು. 1983ರಲ್ಲಿ ಅಟಾರಿಯೊಂದರಿಂದಲೇ ಆದ ನಷ್ಟ 50 ಕೋಟಿ ಡಾಲರಿಗೂ ಹೆಚ್ಚು. ಅದರ ಹಿಂದೆಯೇ ಮಾಧ್ಯಮ ಉದ್ಯಮಿ ರೂಪರ್ಟ್ ಮರ್ಡಾಕ್ ಷೇರುಗಳನ್ನು ಕೊಳ್ಳುತ್ತ ಕಂಪನಿಯನ್ನೇ ನುಂಗಲು ಹೊರಟರು. ಇಂಥ ಹೊತ್ತಿನಲ್ಲಿ ಷೇರುದಾರರಿಗೆ ಉತ್ತರ ಕೊಡಬೇಕಾದ ರಾಸ್ ಅವರಿಗೆ ಸಾಕರ್ ತಂಡವನ್ನು ಇಟ್ಟುಕೊಳ್ಳುವ ನೆಪ ಉಳಿಯಲಿಲ್ಲ. ಕೊಲಂಬಿಯ ಕೈಬಿಟ್ಟಿದ್ದ 1986ರ ವಿಶ್ವಕಪ್ ಅಮೆರಿಕಕ್ಕೆ ಸಿಕ್ಕೀತೆಂಬ ಆಸೆಯೊಂದಿತ್ತು. 1983ರ ಮೇ ತಿಂಗಳಿನಲ್ಲಿ ಫಿಫಾ ಅದನ್ನು ಮೆಕ್ಸಿಕೊಗೆ ಕೊಟ್ಟಿತು. 1984ರಲ್ಲಿ ವಾರ್ನರ್ ಅಟಾರಿಯ ಮುಖ್ಯ ಭಾಗವನ್ನೂ ಮಾರಿತು, ಕಾಸ್ಮೋಸ್ ಅನ್ನೂ ಕೈಬಿಟ್ಟಿತು. ತಂಡ ಹೋದದ್ದು, ನಿರೀಕ್ಷೆಯಂತೆ, ಆಗಷ್ಟೇ ಆಟದಿಂದ ನಿವೃತ್ತರಾಗಿದ್ದ ಕಿನಾಲ್ಯಾ ಅವರ ಕೈಗೆ. ತಂಡವನ್ನು ನಡೆಸುವಷ್ಟು ಹಣ ಅವರಲ್ಲಿರಲಿಲ್ಲ. ಅದರ ಮೇಲೆ ಅವರು ರೋಮ್‌ನ ಲಾಜಿಯೊ ಕ್ಲಬ್ಬಿನ ಅಧ್ಯಕ್ಷರೂ ಆಗಿದ್ದರು.

ಆಮೇಲಿನದು ಬೇಗ ಮುಗಿಯಿತು. ತಂಡ ಒಳಾಂಗಣ ಲೀಗ್ ಸೇರಿ, ಋತು ಮುಗಿಯುವ ಮುನ್ನವೇ 1985ರ ಫೆಬ್ರುವರಿಯಲ್ಲಿ ಹೊರಬಂದಿತು. ಮಾರ್ಚ್‌ನಲ್ಲಿ, ಮುಂದಿನ ಋತುವಿಗೆ ಸಿದ್ಧವಿದ್ದ ತಂಡಗಳು ಟೊರಾಂಟೊ ಮತ್ತು ಮಿನೆಸೋಟ ಎರಡೇ ಎಂದಾದಾಗ ಲೀಗ್ ಕೂಡ ಬಾಗಿಲು ಹಾಕಿತು. ಕಾಸ್ಮೋಸ್ ಕೆಲವು ಪ್ರದರ್ಶನ ಪಂದ್ಯಗಳನ್ನಾದರೂ ಆಡಿ ಬದುಕಲು ನೋಡಿತು. ಜೂನ್‌ನಲ್ಲಿ ಕಿನಾಲ್ಯಾ ಅವರದೇ ಲಾಜಿಯೊ ವಿರುದ್ಧದ ಪಂದ್ಯ ಹೊಡೆದಾಟದಲ್ಲಿ ಮುಗಿದ ಮೇಲೆ ಉಳಿದ ಪಂದ್ಯಗಳನ್ನು ರದ್ದು ಮಾಡಲಾಯಿತು.

ವಾರ್ನರ್ ಹಣವಿಲ್ಲದಿದ್ದರೆ ಕಾಸ್ಮೋಸ್ ಬೆಳೆಯುತ್ತಲೇ ಇರಲಿಲ್ಲವಲ್ಲ, ಹಾಗಿರುವಾಗ ಅದನ್ನೇ ದೂರುವುದು ಸರಿಯೇ ಎಂದು ನೀವು ಕೇಳಬಹುದು. ನ್ಯಾಯವಾದ ಆಕ್ಷೇಪಣೆಯೇ. ಆದರೆ 47 ಸಾವಿರ ಸರಾಸರಿ ಪ್ರೇಕ್ಷಕರಿದ್ದ 1978ರಲ್ಲಿ ಸಂಬಳಕ್ಕೆ ಮಿತಿ ಹಾಕಿ, ಸಣ್ಣ ತಂಡಗಳೊಂದಿಗೆ ಆದಾಯ ಹಂಚಿಕೊಳ್ಳುವ ವ್ಯವಸ್ಥೆಯೊಂದನ್ನು ಲೀಗ್ ಮಾಡಿಕೊಂಡಿದ್ದರೆ ಉಳಿಯುವ ಅವಕಾಶವಿತ್ತು ಎಂಬುದು ನನ್ನ ಅಭಿಪ್ರಾಯ. 1996ರಲ್ಲಿ ಆರಂಭವಾದ ಮೇಜರ್ ಲೀಗ್ ಸಾಕರ್ ಇದನ್ನೇ ಮಾಡಿತು: ಆಟಗಾರರ ಒಪ್ಪಂದ ಆಯಾ ತಂಡದೊಂದಿಗಲ್ಲ, ಲೀಗ್‌ನೊಂದಿಗೆ, ಸಂಬಳಕ್ಕೆ ಮಿತಿ. ಆ ಮಿತಿಯನ್ನು ಮೀರಿ ತಾರೆಗಳನ್ನು ತರಲು ಅವಕಾಶ ಕೊಟ್ಟದ್ದು 2007ರಲ್ಲಿ, ಡೇವಿಡ್ ಬೆಕ್‌ಹ್ಯಾಮ್ ಬಂದಾಗ. ಹೊಸ ಲೀಗ್ ಕಟ್ಟಿದವರಲ್ಲಿ ಹಳೆಯ ಲೀಗ್‌ನ ಲಾಮಾರ್ ಹಂಟ್ ಕೂಡ ಇದ್ದರು, ಹೀಗಾಗಿ ಇದು ಕಾಕತಾಳೀಯವಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ: ಇಂದಿನ ಕಾಸ್ಮೋಸ್ ಹೆಸರಿನಲ್ಲಷ್ಟೇ ಹಳೆಯದು. ಹಳೆಯ ತಂಡದ ಹೆಸರು ಮತ್ತು ಲಾಂಛನದ ಹಕ್ಕನ್ನು ಅದರ ಆಡಳಿತದಲ್ಲಿದ್ದ ಪೆಪ್ಪೆ ಪಿಂಟನ್ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾಪಾಡಿಕೊಂಡು, ಆ ಹೆಸರಿನಲ್ಲಿ ಮಕ್ಕಳ ತರಬೇತಿ ಶಿಬಿರಗಳನ್ನು ನಡೆಸಿ, 2009ರಲ್ಲಿ ಮಾರಿದರು. 2010ರಲ್ಲಿ ಪೆಲೆಯವರನ್ನು ಗೌರವಾಧ್ಯಕ್ಷರನ್ನಾಗಿಸಿಕೊಂಡು ಘೋಷಿತವಾದ ಹೊಸ ತಂಡ 2013ರಲ್ಲಿ ಎರಡನೆಯ ದರ್ಜೆಯ ಲೀಗ್‌ನಲ್ಲಿ ಆಡತೊಡಗಿತು. ಆ ಲೀಗ್ ಕೂಡ ಹಳೆಯ ಲೀಗ್‌ನ ಹೆಸರನ್ನೇ ಎತ್ತಿಕೊಂಡಿತ್ತು. ಅಲ್ಲಿ ಈ ತಂಡ ಮೂರು ಪ್ರಶಸ್ತಿಗಳನ್ನು ಗೆದ್ದಿತು, ಸ್ಪೇನಿನ ರಾವುಲ್ ತಮ್ಮ ಕೊನೆಯ ಋತುವನ್ನು ಇಲ್ಲೇ ಆಡಿದರು. 2017ರ ನಂತರ ಆ ಲೀಗೂ ನಿಂತಿತು. 2025ರಲ್ಲಿ ಮತ್ತೊಮ್ಮೆ, ನ್ಯೂಜೆರ್ಸಿಯ ಪ್ಯಾಟರ್ಸನ್ ನಗರದ ಹಿಂಚ್‌ಲಿಫ್ ಕ್ರೀಡಾಂಗಣವನ್ನು ತವರಾಗಿಸಿಕೊಂಡು 2026ರಿಂದ ಮೂರನೆಯ ದರ್ಜೆಯ ಲೀಗ್‌ನಲ್ಲಿ ಆಡುವುದಾಗಿ ಘೋಷಿಸಲಾಯಿತು. ನಿಮ್ಮ ತಂದೆಯವರು ನೆನೆಯುವ ತಂಡದೊಂದಿಗೆ ಇದಕ್ಕಿರುವ ನಂಟು ಆ ಹೆಸರು ಮತ್ತು ಲಾಂಛನದ ಹಕ್ಕುಪತ್ರದ ಮೂಲಕ ಬಂದದ್ದು.